ಗೋಡೆಯಾಚೆಯ ಫೋನು, ಕಣ್ಣೆದುರಿನ ಓಟಿಪಿ

ಫೋನು ಪಕ್ಕದ ಕೋಣೆಯಲ್ಲಿ ಚಾರ್ಜಿಗಿದೆ. ನೀವು ಕಂಪ್ಯೂಟರಿನ ಮುಂದೆ ಕೆಲಸದಲ್ಲಿ ಮುಳುಗಿದ್ದೀರಿ. ಪರದೆಯ ಮೂಲೆಯಲ್ಲಿ ಪುಟ್ಟದೊಂದು ಚೌಕ ಮೂಡುತ್ತದೆ: 'ಅಮ್ಮ: ಊಟ ಆಯ್ತಾ?' ಫೋನಿಗೆ ಬಂದ ಸಂದೇಶ ಗೋಡೆ ದಾಟಿ ಇಲ್ಲಿಗೆ ಬಂದದ್ದು ಹೇಗೆ?

ಈ ಕೆಲಸ ಮಾಡುವ ಒಂದು ಮುಕ್ತ ತಂತ್ರಾಂಶ ಕೆಡಿಇ ಕನೆಕ್ಟ್. 2013ರಲ್ಲಿ ಗೂಗಲ್ ಸಮ್ಮರ್ ಆಫ್ ಕೋಡ್ ಯೋಜನೆಯಡಿ ಶುರುವಾದದ್ದು. ಅದೇ ವರ್ಷ ಬಂದ ಆಂಡ್ರಾಯ್ಡ್ 4.3 ಇದಕ್ಕೆ ಬೇಕಾದ ಬಾಗಿಲನ್ನೂ ತೆರೆಯಿತು: ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ಒಪ್ಪಿಗೆ ಕೊಟ್ಟರೆ ಒಂದು ಆ್ಯಪ್ ಬೇರೆ ಆ್ಯಪ್‌ಗಳ ನೋಟಿಫಿಕೇಷನ್ ಓದಬಹುದು.

ಓದಿದ್ದನ್ನು ಕಳಿಸಲು ಕಂಪ್ಯೂಟರ್ ಎಲ್ಲಿದೆಯೆಂದು ಗೊತ್ತಾಗಬೇಕಲ್ಲ? ಅದಕ್ಕೆ ಡಂಗುರ ಸಾರುವ ಉಪಾಯವಿದೆ. 'ನಾನಿಲ್ಲಿದ್ದೇನೆ, ನನ್ನ ಹೆಸರು ಇದು' ಎಂಬ ಚಿಕ್ಕ ಸಂದೇಶ 1716ನೇ ಪೋರ್ಟ್ ಮೂಲಕ ಮನೆಯ ವೈಫೈಯಲ್ಲಿರುವ ಎಲ್ಲ ಸಾಧನಗಳಿಗೂ ಹೋಗುತ್ತದೆ. ಅದೇ ತಂತ್ರಾಂಶವಿರುವ ಸಾಧನ ಮಾತ್ರ ಓಗೊಡುತ್ತದೆ. ಆಮೇಲಿನ ಮಾತುಕತೆಯೆಲ್ಲ ಗೂಢಲಿಪಿಯಲ್ಲಿ. ಅಮ್ಮನ ಸಂದೇಶ ಫೋನು ಸೇರುವ ಮುನ್ನ ಯಾವ ದೂರದ ಸರ್ವರ್‌ಗಳನ್ನು ಹಾದು ಬಂದಿರಲಿ, ಈ ಕೊನೆಯ ಹೆಜ್ಜೆ ಮಾತ್ರ ನಿಮ್ಮ ರೂಟರ್ ಬಿಟ್ಟು ಆಚೆ ಹೋಗುವುದಿಲ್ಲ. ನನಗೆ ಈ ವಿಧಾನ ಹಿಡಿಸಿರುವುದು ಇದೇ ಕಾರಣಕ್ಕೆ.

ಹಾಸ್ಟೆಲ್, ಹೋಟೆಲ್‌ಗಳ ವೈಫೈಯಲ್ಲಿ ಮಾತ್ರ ಫೋನಿಗೆ ಕಂಪ್ಯೂಟರ್ ಕಾಣಿಸದೇ ಹೋಗಬಹುದು. ಅಲ್ಲಿ ಸುರಕ್ಷತೆಗಾಗಿ ಒಂದು ಸಾಧನ ಇನ್ನೊಂದರ ಜೊತೆ ಮಾತಾಡದಂತೆ ತಡೆದಿರುವುದುಂಟು.

ಮೊದಲ ಸಲ ಜೋಡಿಸುವಾಗ ಎರಡೂ ಪರದೆಗಳಲ್ಲಿ ಒಂದು ಸಂಕೇತ ಕಾಣುತ್ತದೆ. ಅದು ಎರಡೂ ಕಡೆ ಒಂದೇ ಇದೆಯೇ ಎಂದು ನೋಡದೆ ಒಪ್ಪಿಗೆ ಒತ್ತಬೇಡಿ. ಇಲ್ಲಿ ತಮ್ಮ ಗುರುತು ಹೇಳುವ ಪ್ರಮಾಣಪತ್ರಗಳನ್ನು ಸಾಧನಗಳು ತಾವೇ ತಯಾರಿಸಿಕೊಳ್ಳುತ್ತವೆ. ಸಾಕ್ಷಿ ಹೇಳಲು ಮೂರನೆಯವರಿಲ್ಲ. ನಡುವೆ ಯಾರೂ ನುಸುಳಿಲ್ಲ ಎನ್ನಲು ನಿಮ್ಮ ಕಣ್ಣೇ ಸಾಕ್ಷಿ.

ಐಫೋನಿನ ದಾರಿ ಬೇರೆ. ಕೈಗಡಿಯಾರದಂಥ ಸಾಧನಗಳಿಗಾಗಿ ಆ್ಯಪಲ್ ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಮೇಲೆ ನಡೆಯುವ ವ್ಯವಸ್ಥೆಯೊಂದನ್ನು 2013ರಲ್ಲಿ ಐಓಎಸ್ 7ರ ಜೊತೆ ತಂದಿತು. ಅದರ ಮಿತವ್ಯಯ ಮೆಚ್ಚುವಂಥದ್ದು. ಫೋನು ಮೊದಲು ಕಳಿಸುವುದು ಬರೀ 8 ಬೈಟ್: ಏನೋ ಬಂದಿದೆ, ಯಾವ ಬಗೆಯದು, ಅದರ ಕ್ರಮಸಂಖ್ಯೆ ಏನು, ಅಷ್ಟೆ. ಕಳಿಸಿದವರ ಹೆಸರು, ಸಂದೇಶ ಬೇಕಾದರೆ ಎದುರಿನ ಸಾಧನ ಆ ಸಂಖ್ಯೆ ಹೇಳಿ ಕೇಳಿ ಪಡೆಯಬೇಕು. ಬೇಡವಾದದ್ದನ್ನು ಸಾಗಿಸದೆ ಬ್ಯಾಟರಿ ಉಳಿಯುತ್ತದೆ.

ಇಷ್ಟು ಸೊಗಸಾದ ಅನುಕೂಲದಲ್ಲಿ ನನ್ನನ್ನು ಕಾಡುವುದು ಓಟಿಪಿ. ಬ್ಯಾಂಕಿನ ಪಾಸ್‌ವರ್ಡ್ ಕಂಪ್ಯೂಟರಿನಲ್ಲಿ, ಓಟಿಪಿ ಫೋನಿನಲ್ಲಿ: ಎರಡು ಬೀಗ, ಎರಡು ಜಾಗ. ಓಟಿಪಿಯೂ ಕಂಪ್ಯೂಟರಿನ ಪರದೆಗೇ ಬಂದರೆ, ಆ ಕಂಪ್ಯೂಟರಿಗೆ ಕನ್ನ ಹಾಕಿದವರಿಗೆ ಎರಡು ಕೀಲಿಯೂ ಒಂದೇ ಕಡೆ ಸಿಗುತ್ತವೆ. ಆಂಡ್ರಾಯ್ಡ್ 15ರಿಂದ, ನಂಬಿಕಸ್ಥವೆಂದು ಗುರುತಿಸದ ಆ್ಯಪ್‌ಗಳಿಗೆ ಓಟಿಪಿ ಇರುವ ನೋಟಿಫಿಕೇಷನ್‌ಗಳ ಒಳವಿವರ ಕಾಣದಂತೆ ಮರೆಮಾಡುವ ಏರ್ಪಾಡು ಬಂದಿರುವುದು ಈ ಅಪಾಯ ಕಂಡೇ.

ಹಳೆಯ ಫೋನುಗಳಿಗೆ ಆ ರಕ್ಷಣೆ ಇಲ್ಲ. ಯಾವ ಆ್ಯಪ್‌ನ ನೋಟಿಫಿಕೇಷನ್ ದಾಟಬೇಕು, ಯಾವುದು ಬೇಡ ಎಂದು ಆರಿಸುವ ಪಟ್ಟಿ ಕೆಡಿಇ ಕನೆಕ್ಟ್‌ನಲ್ಲಿದೆ. ಇವತ್ತೇ ಅದನ್ನು ತೆರೆದು ಎಸ್ಸೆಮ್ಮೆಸ್ ಮತ್ತು ಬ್ಯಾಂಕ್ ಆ್ಯಪ್‌ಗಳ ಗುರುತು ತೆಗೆದುಬಿಡಿ.