ಮಿದುಳಿನ ಗೆಡ್ಡೆ: ನಮಗೇ ಏಕೆ ಬಂತು?

ಮನೆಯಲ್ಲೊಬ್ಬರಿಗೆ ಮಿದುಳಿನಲ್ಲಿ ಗೆಡ್ಡೆಯಿದೆ ಎಂದು ಗೊತ್ತಾದೊಡನೆ ಹುಟ್ಟುವ ಮೊದಲ ಪ್ರಶ್ನೆ 'ಇದು ನಮಗೇ ಏಕೆ ಬಂತು?' ಎಂಬುದು. ಊಟದಲ್ಲಿ ತಪ್ಪಿತೇ, ಚಿಂತೆ ಹೆಚ್ಚಾಯಿತೇ ಎಂದು ಮನೆಮಂದಿ ತಮ್ಮನ್ನೇ ಹಳಿದುಕೊಳ್ಳುವುದುಂಟು.

ಈ ಪ್ರಶ್ನೆಗೆ ಉತ್ತರ ಹುಡುಕಲು ದಶಕಗಳನ್ನೇ ಮುಡಿಪಾಗಿಟ್ಟವರು ಅಮೆರಿಕದ ವಿಜ್ಞಾನಿ ಮಾರ್ಗರೆಟ್ ರೆನ್ಶ್. ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅವರು 1991ರಲ್ಲಿ ಗ್ಲಯೋಮಾ ರೋಗಿಗಳ ಅಧ್ಯಯನ ಆರಂಭಿಸಿದರು. ನರಕೋಶಗಳಿಗೆ ಆಸರೆಯಾಗಿರುವ ಜೀವಕೋಶಗಳಿಂದ ಹುಟ್ಟುವ ಗೆಡ್ಡೆಯೇ ಗ್ಲಯೋಮಾ. ರೋಗಿಗಳನ್ನೂ ಅದೇ ಪ್ರದೇಶದ ಆರೋಗ್ಯವಂತರನ್ನೂ ಹೋಲಿಸಿ ನೋಡುವುದು ಅವರ ವಿಧಾನ. ಜೀವನಕ್ರಮದ ವಿವರಗಳ ಜೊತೆಗೆ ರಕ್ತ ಮತ್ತು ಗೆಡ್ಡೆಯ ವಂಶವಾಹಿಗಳನ್ನೂ ಪರೀಕ್ಷಿಸುವ ಈ ಶಾಸ್ತ್ರಕ್ಕೆ ಅಣುಮಟ್ಟದ ಎಪಿಡೆಮಿಯಾಲಜಿ ಎಂದು ಹೆಸರು.

1997ರಲ್ಲಿ ಒಂದು ಅಚ್ಚರಿಯ ಅಂಶ ಹೊರಬಿತ್ತು. ಚಿಕನ್ ಪಾಕ್ಸ್ ಆಗಿತ್ತೆಂದು ಹೇಳಿದವರು ಆರೋಗ್ಯವಂತರಿಗಿಂತ ರೋಗಿಗಳಲ್ಲಿ ಕಡಿಮೆಯಿದ್ದರು. ಅಲರ್ಜಿಯ ವಿಷಯದಲ್ಲೂ ಹಲವು ಅಧ್ಯಯನಗಳು ಇದೇ ಬಗೆಯ ಸಂಬಂಧವನ್ನು ಕಂಡಿವೆ. ದೇಹದ ರೋಗನಿರೋಧಕ ಶಕ್ತಿಗೆ ಇದರಲ್ಲಿ ಪಾತ್ರವಿರಬಹುದು. ಹಾಗೆಂದು ಅಲರ್ಜಿಯ ಚಿಕಿತ್ಸೆಯನ್ನಾಗಲಿ ಮಕ್ಕಳ ಲಸಿಕೆಯನ್ನಾಗಲಿ ಬಿಡಬೇಡಿ. ಸಂಬಂಧ ಬೇರೆ, ಕಾರಣ ಬೇರೆ.

2009ರಲ್ಲಿ ರೆನ್ಶ್ ಮತ್ತು ಸಂಗಡಿಗರು ಗ್ಲಯೋಮಾ ಅಪಾಯವನ್ನು ತುಸು ಹೆಚ್ಚಿಸುವ ವಂಶವಾಹಿ ವ್ಯತ್ಯಾಸಗಳನ್ನು ಗುರುತಿಸಿದರು. ಇಂಥ ವ್ಯತ್ಯಾಸವಿರುವ ಬಹುತೇಕರಿಗೆ ಈ ರೋಗ ಬರುವುದೇ ಇಲ್ಲ. ಅವರೂ ಸೇರಿದ್ದ ತಂಡ 2015ರಲ್ಲಿ ಗೆಡ್ಡೆಯ ಮೂರು ವಂಶವಾಹಿ ಗುರುತುಗಳಿಂದ ಗ್ಲಯೋಮಾಗಳನ್ನು ಐದು ಮುಖ್ಯ ಗುಂಪುಗಳಾಗಿ ವಿಂಗಡಿಸಿತು. ಸೂಕ್ಷ್ಮದರ್ಶಕದಲ್ಲಿ ಒಂದೇ ತರಹ ಕಂಡರೂ, ರೋಗ ಬರುವ ವಯಸ್ಸೂ ರೋಗಿ ಬದುಕುವ ಅವಧಿಯೂ ಗುಂಪಿನಿಂದ ಗುಂಪಿಗೆ ಬೇರೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ನಂತರ ಗೆಡ್ಡೆಯ ವಂಶವಾಹಿ ಪರೀಕ್ಷೆ ಆಗಿದೆಯೇ ಎಂದು ನೀವು ವೈದ್ಯರನ್ನು ಕೇಳುವುದು ಒಳ್ಳೆಯದು.

ಹಾಗಾದರೆ ತಪ್ಪು ಯಾರದು? ತಲೆಗೆ ಹೆಚ್ಚು ಪ್ರಮಾಣದ ವಿಕಿರಣ ಚಿಕಿತ್ಸೆ ಪಡೆದಿರುವುದು, ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳು ಖಚಿತವಾದ ಕಾರಣಗಳು. ಉಳಿದ ಬಹುಪಾಲು ರೋಗಿಗಳಲ್ಲಿ ಇಂಥದೇ ಕಾರಣವೆಂದು ಬೊಟ್ಟು ಮಾಡಲಾಗದು. ಇದು ಅಂಟುರೋಗವೂ ಅಲ್ಲ. ಮನೆಯವರು ತಮ್ಮನ್ನಾಗಲಿ ರೋಗಿಯನ್ನಾಗಲಿ ದೂರಬೇಕಿಲ್ಲ.

ತಲೆನೋವು ಬಂದ ಮಾತ್ರಕ್ಕೆ ಗೆಡ್ಡೆಯೆಂದು ಹೆದರಬೇಡಿ. ಆದರೆ ದಿನೇ ದಿನೇ ಹೆಚ್ಚುವ ತಲೆನೋವು ಮತ್ತು ವಾಂತಿ, ದೊಡ್ಡವರಲ್ಲಿ ಮೊದಲ ಬಾರಿ ಫಿಟ್ಸ್, ಒಂದು ಕೈ ಅಥವಾ ಕಾಲಿನ ಬಲಹೀನತೆ, ಮಾತಿನ ತೊದಲು, ದೃಷ್ಟಿ ಮಸುಕು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.