ನಿಮಗಿದು ಗೊತ್ತೇ? ಚುಕ್ಕಿಯ ಹಿಂದೆ ಅಡಗಿ ಕೂತ ಫೈಲುಗಳು!

ಭಾನುವಳ್ಳಿಯ ಮನೆಯಲ್ಲೊಂದು ಹಳೇ ಕಂಪ್ಯೂಟರ್, ದಾವಣಗೆರೆಯ ರೂಮಿನಲ್ಲೊಂದು ಲ್ಯಾಪ್‌ಟಾಪ್. ಎರಡರಲ್ಲೂ ಲಿನಕ್ಸ್ ಅಂದುಕೊಳ್ಳಿ. ನಿಮ್ಮ ಬಣ್ಣ, ಅಕ್ಷರದ ಗಾತ್ರ, ಶಾರ್ಟ್‌ಕಟ್ಟು ಎರಡೂ ಕಡೆ ಒಂದೇ ಥರ ಇರಬೇಕಾ? ನಾಲ್ಕಾರು ಪುಟಾಣಿ ಫೈಲು ಹೊತ್ತೊಯ್ದರೆ ಸಾಕು! ಆದರೆ ಅವು ಕಣ್ಣಿಗೇ ಬೀಳೋದಿಲ್ಲ.

ಉಬುಂಟು ಇದ್ದರೆ ಹೋಮ್ ಫೋಲ್ಡರ್ ತೆರೆದು, ಕಂಟ್ರೋಲ್ ಹಿಡಿದು ಎಚ್ ಒತ್ತಿ. ಅಡಗಿದ್ದ ಹೆಸರುಗಳೆಲ್ಲ ದಡಬಡ ಎದ್ದು ಬರುತ್ತವೆ. ಪ್ರತಿ ಹೆಸರಿನ ಮುಂದೂ ಒಂದು ಚುಕ್ಕಿ!

ಈ ಅಡಗುವ ವಿದ್ಯೆ ಯಾರೂ ಯೋಚಿಸಿ ಕೊಟ್ಟದ್ದಲ್ಲ, ಗೊತ್ತಾ? ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನಲ್ಲಿ ಒಂಟಿ ಚುಕ್ಕಿ ಅಂದ್ರೆ ಇದೇ ಫೋಲ್ಡರ್, ಜೋಡಿ ಚುಕ್ಕಿ ಅಂದ್ರೆ ಮೇಲಿನ ಫೋಲ್ಡರ್. ಫೈಲುಗಳ ಪಟ್ಟಿಯಲ್ಲಿ ಇವೆರಡು ಬೇಡ ಅಂತ, ಆ ಪಟ್ಟಿ ತೋರಿಸೋ ಪ್ರೋಗ್ರಾಂ ಬರೆದವರು ಮೊದಲ ಅಕ್ಷರ ಚುಕ್ಕಿಯೇ ಅಂತಷ್ಟೇ ನೋಡಿದರು. ಚುಕ್ಕಿಯಿಂದ ಶುರುವಾಗೋ ಫೈಲೆಲ್ಲ ಮಾಯ! ಯುನಿಕ್ಸ್ ತಂಡದಲ್ಲಿ ದುಡಿದ ರಾಬ್ ಪೈಕ್ 2012ರಲ್ಲಿ ಹೇಳಿದ ಕಥೆ ಇದು.

ಇಂಥ ಫೈಲುಗಳ ಹೆಸರು ನೋಡಿ: '.ಬ್ಯಾಶ್‌ಆರ್‌ಸಿ', '.ವಿಮ್‌ಆರ್‌ಸಿ'... ಈ ಆರ್‌ಸಿ ನಿಮ್ಮ ಬೈಕಿನದ್ದಲ್ಲ! 'ರನ್‌ಕಾಮ್' ಅನ್ನೋದರ ಚುಟುಕು. 1960ರ ದಶಕದಲ್ಲಿ ಎಂಐಟಿಯ ಕಂಪ್ಯೂಟರಿಗಾಗಿ ಲೂಯಿ ಪೂಜಾಂ ಬರೆದ ಪ್ರೋಗ್ರಾಂ. ಅದು ಹೋಯ್ತು, ಬಾಲ ಉಳೀತು!

ಜಾಣರು ಇವನ್ನೆಲ್ಲ ಒಂದೇ ಫೋಲ್ಡರಿಗೆ ತುಂಬಿ, ಹಳೇ ಜಾಗದಲ್ಲಿ ಬರೀ ಲಿಂಕು ಇಡುತ್ತಾರೆ. ಫೈಲು ಒಂದೇ, ಕಾಣೋದು ಎರಡು ಕಡೆ. ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಒಂದೇ ವಿಗ್ರಹದಲ್ಲಿ ಹರಿಯನ್ನೂ ಹರನನ್ನೂ ಕಂಡವರು!

ಆ ಫೋಲ್ಡರನ್ನು ಊರಿಂದೂರಿಗೆ ಸಾಗಿಸಲು ಹೆಚ್ಚಿನವರು ನೆಚ್ಚೋದು ಫೈಲುಗಳ ಬದಲಾವಣೆಯ ಲೆಕ್ಕ ಇಡೋ ಗಿಟ್. ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಅದನ್ನು 2005ರ ಏಪ್ರಿಲ್ 3ರಂದು ಬರೆಯಲು ಕೂತರು. 7ಕ್ಕೆ ಗಿಟ್ ತನ್ನ ಲೆಕ್ಕ ತಾನೇ ಇಡುತ್ತಿತ್ತು!

ಹಾಗಂತ ಕಣ್ಣುಮುಚ್ಚಿ ಎಲ್ಲವನ್ನೂ ಹಾಕಬೇಡಿ. 2013ರ ಜನವರಿಯಲ್ಲಿ, ಗಿಟ್ ಫೋಲ್ಡರುಗಳನ್ನು ಹಂಚಿಕೊಳ್ಳೋ ತಾಣ ಗಿಟ್‌ಹಬ್ ಹೊಸ ಹುಡುಕಾಟ ಸೌಲಭ್ಯ ಬಿಟ್ಟಿತು. ಜನ ಹುಡುಕಿದ್ದೇನು? ಪರರ ಗುಟ್ಟಿನ ಕೀಲಿ! ಎಷ್ಟೋ ಮಂದಿ ಚುಕ್ಕಿ ಫೈಲುಗಳ ಜೊತೆ ಸರ್ವರ್ ಬಾಗಿಲಿನ ಕೀಲಿಯನ್ನೂ ಸಂತೆಗೆ ಇಟ್ಟಿದ್ದರು.

ವಿಂಡೋಸ್‌ನಲ್ಲಿ ತಿದ್ದಿದ ಫೈಲು ಲಿನಕ್ಸ್‌ನಲ್ಲಿ ಮುಗ್ಗರಿಸೋದೂ ಉಂಟು. ಸಾಲಿನ ಕೊನೆಗೆ ವಿಂಡೋಸ್ ಎರಡು ಗುರುತು ಹಾಕುತ್ತೆ, ಲಿನಕ್ಸ್‌ಗೆ ಒಂದೇ ಸಾಕು. ಹೆಚ್ಚಿನದು ಟೆಲಿಪ್ರಿಂಟರ್ ಕಾಲದ್ದು: ಮುದ್ರಿಸೋ ತಲೆಯನ್ನು ಸಾಲಿನ ಮೊದಲಿಗೆ ಎಳೆದು ತರೋ ಆಜ್ಞೆ. ಎಳೆಯಲು ತಲೆಯೇ ಇಲ್ಲ ಈಗ!

ಇನ್ನೊಂದು ಕೇಳಿ, ನನಗಂತೂ ಇದೇ ಇಷ್ಟ. ಇಂಥ ಚುಕ್ಕಿ ಫೈಲೊಂದರಲ್ಲಿ ಒಂದೇ ಸಾಲು ಬರೆದರೆ ಕೀಲಿಮಣೆ ಕನ್ನಡ ಆಗಬಲ್ಲದು. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿರೋ ಒಂದು ಕನ್ನಡ ವಿನ್ಯಾಸದ ಹೆಸರು 'ಕಗಪ', ಅಂದ್ರೆ ನುಡಿ ತಂತ್ರಾಂಶ ಕೊಟ್ಟ ಕನ್ನಡ ಗಣಕ ಪರಿಷತ್ತು. ಅದೇ ಪಟ್ಟಿಯಲ್ಲಿ ಸ್ವಲ್ಪ ಅತ್ತಿತ್ತ ನೋಡಿ. ಹಿಂದಿಗೆ ಕಗಪ. ಮರಾಠಿಗೆ ಕಗಪ. ಸಂಸ್ಕೃತಕ್ಕೂ ಕಗಪ!