ಉರಿಯೋದು ಬತ್ತಿ ಅಲ್ಲ, ಮೇಣ: ಮನೆಯಲ್ಲಿ ಕ್ಯಾಂಡಲ್ ಹಚ್ಚೋ ಮುಂಚೆ ಇದನ್ನ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಕ್ಯಾಂಡಲ್. ಅದರಲ್ಲೇನಿದೆ ಹೇಳೋಕೆ ಅಂತ ಮುಂದಿನ ಸಂಚಿಕೆಗೆ ಹಾರಬೇಡಿ, ಸ್ವಲ್ಪ ತಾಳಿ.

ಮೊದಲು ನನ್ನದೇ ಕಥೆ. ಡಿಗ್ರಿ ಓದುವಾಗ ಪಿಜಿಯಲ್ಲಿದ್ದೆ. ಬೆಳಗಾದ್ರೆ ಪರೀಕ್ಷೆ, ರಾತ್ರಿ ಕರೆಂಟ್ ಹೋಯ್ತು. ಮೇಣದಬತ್ತಿ ಹಚ್ಚಿ, ನಾಲ್ಕು ಹನಿ ಮೇಣ ಬೀಳಿಸಿ, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿ ನಿಲ್ಲಿಸಿದೆ. ನಾವೆಲ್ಲ ಹಾಗೇ ಅಲ್ವಾ ನಿಲ್ಲಿಸೋದು? ಓದ್ತಾ ಓದ್ತಾ ನಿದ್ದೆ ಬಂತು. ಎಚ್ಚರ ಆಗಿದ್ದು ಸುಟ್ಟ ವಾಸನೆಗೆ. ಬತ್ತಿ ಬುಡದವರೆಗೆ ಉರಿದು, ಮುಚ್ಚಳಕ್ಕೆ ಬೆಂಕಿ ಹತ್ತಿ, ನೋಟ್‌ಬುಕ್ಕಿನ ಅಂಚು ಕರಕಲಾಗಿತ್ತು. ಅಲ್ಲಿಂದ ಒಂದು ಗೇಣು ಆಚೆಗೆ ಕಿಟಕಿ ಪರದೆ. ಪರದೆಯ ಪಕ್ಕದ ಮಂಚದಲ್ಲಿ ರೂಮ್‌ಮೇಟ್ ಮುಸುಕು ಹಾಕಿ ಮಲಗಿದ್ದಳು. ಗಾಬರಿಯಲ್ಲಿ ನೀರಿನ ಬಾಟಲಿ ಎತ್ತಿ ಸುರಿದೆ. ಚಟಪಟ ಅಂತ ಸಿಡಿದು ನನ್ನ ಮುಂಗೈ ಮೇಲೆ ಬೊಬ್ಬೆ ಎದ್ದವು. ನೀರು ಸುರಿದದ್ದು ನನ್ನ ಎರಡನೇ ತಪ್ಪು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಈಗ ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಇದೆ, ಎಲ್ಲರ ಕೈಯಲ್ಲೂ ಮೊಬೈಲ್ ಟಾರ್ಚ್ ಇದೆ. ಆದ್ರೂ ಮೇಣದಬತ್ತಿ ಮನೆ ಬಿಟ್ಟು ಹೋಗಿಲ್ಲ. ಕರೆಂಟಿಗೋಸ್ಕರ ಇದ್ದದ್ದು ಈಗ ಗಾಜಿನ ಜಾಡಿಯಲ್ಲಿ, ಮಲ್ಲಿಗೆ, ಲ್ಯಾವೆಂಡರ್ ವಾಸನೆ ಹೊತ್ಕೊಂಡು, ಗಿಫ್ಟ್ ಆಗಿ ವಾಪಸ್ ಬಂದಿದೆ. ಅದರ ಜೊತೆ ಬರೋ ಚೀಟಿಯಲ್ಲಿ ಹತ್ತಾರು ಎಚ್ಚರಿಕೆ ಇರ್ತವೆ, ಯಾರೂ ಓದಲ್ಲ. ಓದಿದ್ರೂ ಯಾಕೆ ಅಂತ ಅಲ್ಲಿ ಬರೆದಿರಲ್ಲ. ಅದಕ್ಕೇ ಒಂದು ವಿಷಯ ಮಾತ್ರ ಸರಿಯಾಗಿ ಅರ್ಥ ಮಾಡ್ಕೊಳ್ಳೋಣ. ಮೇಣದಬತ್ತಿಯಲ್ಲಿ ಉರಿಯೋದು ಏನು?

ಬತ್ತಿ ಅಂತೀರಾ? ಬರೀ ದಾರಕ್ಕೆ ಬೆಂಕಿ ಕೊಟ್ಟು ನೋಡಿ, ಕ್ಷಣದಲ್ಲಿ ಬೂದಿ. ಉರಿಯೋದು ಮೇಣ. ಅದೂ ಗಟ್ಟಿ ಮೇಣ ಅಲ್ಲ, ಕರಗಿದ ಮೇಣವೂ ಅಲ್ಲ, ಮೇಣದ ಆವಿ. ಜ್ವಾಲೆಯ ಬಿಸಿಗೆ ಮೇಣ ಕರಗುತ್ತೆ, ಹತ್ತಿಯ ಬತ್ತಿ ಅದನ್ನ ಮೇಲಕ್ಕೆ ಹೀರುತ್ತೆ, ತುದಿಯಲ್ಲಿ ಅದು ಆವಿಯಾಗುತ್ತೆ, ಆ ಆವಿ ಉರಿಯುತ್ತೆ. 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ ಶುರು ಮಾಡಿದ ಉಪನ್ಯಾಸ ಮಾಲೆ ಬರೀ ಮೇಣದಬತ್ತಿ ಬಗ್ಗೆ, ಒಟ್ಟು ಆರು ಉಪನ್ಯಾಸ, ಅದೂ ಮಕ್ಕಳಿಗಾಗಿ! ಅದರಲ್ಲಿ ಒಂದು ಪ್ರಯೋಗ ಇದೆ. ಆಗಷ್ಟೇ ಆರಿಸಿದ ಬತ್ತಿಯಿಂದ ಏಳೋ ಬಿಳಿ ಹೊಗೆಗೆ ಸ್ವಲ್ಪ ದೂರದಲ್ಲೇ ಬೆಂಕಿ ತೋರಿಸಿದ್ರೆ ಸಾಕು, ಬೆಂಕಿ ಹೊಗೆ ಹಿಡ್ಕೊಂಡು ಇಳಿದು ಬತ್ತಿಯನ್ನ ಮತ್ತೆ ಹಚ್ಚುತ್ತೆ. ಆ ಹೊಗೆ ಅಂದ್ರೆ ಉರಿಯದೆ ಉಳಿದ ಮೇಣವೇ.

ಅಂದ್ರೆ ನಿಮ್ಮ ಟೇಬಲ್ ಮೇಲಿರೋದು ಬರೀ ಬೆಳಕಲ್ಲ, ಪುಟ್ಟದೊಂದು ಇಂಧನದ ಟ್ಯಾಂಕ್. ಬತ್ತಿ ಅದರ ನಲ್ಲಿ. ಹೀಗೆ ಯೋಚಿಸಿದ್ರೆ ಚೀಟಿಯಲ್ಲಿರೋದೆಲ್ಲ ತಾನಾಗಿಯೇ ತಲೆಗೆ ಹತ್ತುತ್ತೆ.

ಬತ್ತಿ ಉದ್ದ ಇದ್ದಷ್ಟೂ ಮೇಣ ಜಾಸ್ತಿ ಬರುತ್ತೆ. ಅಷ್ಟೂ ಆವಿ ಉರಿಯೋಕೆ ಗಾಳಿ ಸಾಲಲ್ಲ. ಆಗ ಜ್ವಾಲೆ ಎತ್ತರವಾಗಿ ಕುಣಿಯುತ್ತೆ, ಕಪ್ಪು ಹೊಗೆ ಬಿಡುತ್ತೆ, ಗಾಜಿಗೆ ಮಸಿ ಹಿಡಿಯುತ್ತೆ. ಹಾಗಾಗಿ ಪ್ರತಿ ಸಲ ಹಚ್ಚೋ ಮುಂಚೆ, ಮೇಣ ತಣ್ಣಗಿದ್ದಾಗ, ಬತ್ತಿಯನ್ನ ಸುಮಾರು 6 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಅದಕ್ಕಂತಲೇ ಮಾರೋ ದುಬಾರಿ ಕತ್ತರಿ ಬೇಕಾಗಿಲ್ಲ, ನೇಲ್ ಕಟರ್ ಸಾಕು. ಕತ್ತರಿಸಿದ ಕರಿ ಚೂರು, ಬೆಂಕಿಕಡ್ಡಿ ತುಂಡು ಮೇಣದೊಳಗೆ ಬಿಡಬೇಡಿ. ಅವೂ ಬತ್ತಿ ಥರಾನೇ ಹತ್ತಿಕೊಳ್ತವೆ.

ಹೊಸ ಜಾಡಿಯನ್ನ ಮೊದಲ ಸಲ ಹಚ್ಚಿದಾಗ ಹತ್ತು ನಿಮಿಷಕ್ಕೆ ಆರಿಸಬೇಡಿ. ಮೇಲಿನ ಮೇಣ ಅಂಚಿನವರೆಗೆ ಕರಗಲಿ. ಇಲ್ಲದಿದ್ರೆ ಮುಂದೆಯೂ ನಡುವೆ ಮಾತ್ರ ಕರಗಿ, ಬಾವಿ ತೋಡಿದ ಹಾಗೆ ಇಳಿಯುತ್ತೆ, ಸುತ್ತಲಿನ ಮೇಣ ದಂಡ. ಇದು ದುಡ್ಡಿನ ಮಾತು. ಜೀವದ ಮಾತು ಅಂದ್ರೆ, ಒಂದೇ ಸಮನೆ 4 ಗಂಟೆಗಿಂತ ಹೆಚ್ಚು ಉರಿಸಬೇಡಿ. ಮೇಣ ವಿಪರೀತ ಕಾಯುತ್ತೆ, ಬತ್ತಿ ತುದಿಯಲ್ಲಿ ಅಣಬೆ ಥರ ಇದ್ದಿಲು ಕಟ್ಟುತ್ತೆ. ತಳದಲ್ಲಿ ಒಂದು ಸೆಂಟಿಮೀಟರ್‌ನಷ್ಟು ಮೇಣ ಉಳಿದಾಗ ಆ ಜಾಡಿಯ ಕಥೆ ಮುಗೀತು ಅಂದ್ಕೊಳ್ಳಿ. ಪೂರ್ತಿ ಉರಿಸೋಕೆ ಹೋದ್ರೆ ಬಿಸಿ ನೇರವಾಗಿ ಗಾಜಿಗೆ ತಗಲುತ್ತೆ, ಗಾಜು ಸೀಳಬಹುದು.

ಇನ್ನು ಚಿಕ್ಕ ಟೀಲೈಟುಗಳು. ಫೋಟೋಗೆ ಚಂದ ಅಂತ ಒಂದಕ್ಕೊಂದು ಅಂಟಿಸಿ ಜೋಡಿಸಬೇಡಿ. ಒಂದರ ಬಿಸಿ ಇನ್ನೊಂದರ ಮೇಣವನ್ನ ಕಾಯಿಸಿ, ಬತ್ತಿ ಬಿಟ್ಟು ಇಡೀ ಬಟ್ಟಲೇ ಹೊತ್ತಿಕೊಳ್ಳಬಹುದು. ನಡುವೆ ನಾಲ್ಕು ಬೆರಳಿನಷ್ಟಾದ್ರೂ ಜಾಗ ಇರಲಿ.

ಈಗ ನನ್ನ ಎರಡನೇ ತಪ್ಪಿಗೆ ಬರೋಣ. ಕಾದ ಎಣ್ಣೆಗೆ ಒದ್ದೆ ಕರಿಬೇವು ಬಿದ್ದಾಗ ಏನಾಗುತ್ತೆ, ನೋಡಿದ್ದೀರಿ. ಇಲ್ಲಿ ಅದೇ, ಇನ್ನೂ ಜೋರಾಗಿ. ಮೇಣ ನೀರಿಗಿಂತ ಹಗುರ. ಸುರಿದ ನೀರು ಅದರ ಕೆಳಗಿಳಿದು ತಟ್ಟನೆ ಹಬೆಯಾಗುತ್ತೆ. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತೆ. ಆ ಹೊಡೆತಕ್ಕೆ ಉರಿಯೋ ಮೇಣ ಹನಿಹನಿಯಾಗಿ ಹಾರಿ ಮುಖಕ್ಕೂ ಪರದೆಗೂ ಬೀಳುತ್ತೆ. ಜಾಡಿಯಲ್ಲಿ ಬೆಂಕಿ ಜಾಸ್ತಿಯಾದ್ರೆ ನೀರು ಬೇಡವೇ ಬೇಡ. ಜಾಡಿಯನ್ನ ಎತ್ತಿಕೊಂಡು ಓಡಲೂ ಬೇಡಿ. ಒಂದು ಸ್ಟೀಲ್ ತಟ್ಟೆ ಪಕ್ಕದಿಂದ ಸರಿಸಿ ಮೇಲೆ ಮುಚ್ಚಿ, ಗಾಳಿ ಸಿಗದೆ ಆರುತ್ತೆ. ತಣ್ಣಗಾಗೋವರೆಗೆ ತೆಗೀಬೇಡಿ. ಕೈಮೀರಿದ್ರೆ ಎಲ್ಲರನ್ನೂ ಎಬ್ಬಿಸಿ, ಹೊರಗೆ ಬಂದು, 112ಕ್ಕೆ ಫೋನ್ ಮಾಡಿ. ಲ್ಯಾಪ್‌ಟಾಪ್ ತರೋಕೆ ಒಳಗೆ ಹೋಗಬೇಡಿ.

ಸುಮ್ಮನೆ ಆರಿಸೋವಾಗಲೂ ಮುಚ್ಚಳವೇ ಒಳ್ಳೇದು. ನಮ್ಮ ಅಜ್ಜಿ ದೀಪ ಆರಿಸು ಅಂತ ಯಾವತ್ತೂ ಅನ್ನುತ್ತಿರಲಿಲ್ಲ, ‘ದೀಪ ಶಾಂತ ಮಾಡು’ ಅಂತಿದ್ರು. ಬಾಯಲ್ಲಿ ಊದಿದ್ರೆ ಬೈತಿದ್ರು. ಅವರ ಕಾರಣ ಬೇರೆ, ನನ್ನದು ಬೇರೆ: ಊದಿದ್ರೆ ಬಿಸಿ ಮೇಣ ಚಿಮ್ಮುತ್ತೆ, ಹೊಗೆಯೂ ರೂಮೆಲ್ಲ ತುಂಬುತ್ತೆ. ತೀರ್ಮಾನ ಮಾತ್ರ ಒಂದೇ.

ಎಲ್ಲಿಡಬೇಕು? ಗಟ್ಟಿಯಾದ, ಸಮತಟ್ಟಾದ, ಉರಿಯದ ಜಾಗದಲ್ಲಿ. ಸ್ಟೀಲ್ ತಟ್ಟೆ, ಮಣ್ಣಿನ ಬಟ್ಟಲು, ಗ್ರಾನೈಟ್ ಕಟ್ಟೆ, ಯಾವುದಾದ್ರೂ ಸರಿ. ಪರದೆ, ಸೊಳ್ಳೆಪರದೆ, ಪುಸ್ತಕದಿಂದ ಒಂದು ಅಡಿಯಾದ್ರೂ ದೂರ. ಮೇಲ್ಗಡೆ ಶೆಲ್ಫ್ ಇದೆಯಾ ಅಂತಲೂ ನೋಡಿ. ಫ್ಯಾನ್ ಗಾಳಿ ನೇರವಾಗಿ ಬಡಿಯಬಾರದು, ಹಾಗಂತ ರೂಮು ಪೂರ್ತಿ ಮುಚ್ಚಲೂಬಾರದು. ಮಕ್ಕಳಿಗೂ ಬೆಕ್ಕಿಗೂ ಎಟುಕಬಾರದು. ದುಪಟ್ಟಾ ಹಾಕಿಕೊಂಡು ಬಾಗೋವಾಗ ಜೋಪಾನ. ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಒಣಗದೆ ಬೆಂಕಿಕಡ್ಡಿ ಗೀರಬೇಡಿ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದ್ರಂತೂ ಕತ್ತಲಲ್ಲಿ ಏನಾಗಿದೆ ನೋಡೋಕೆ ಅಂತ ಮೇಣದಬತ್ತಿ ಹಿಡ್ಕೊಂಡು ಹೋಗೋದು ಕನಸಲ್ಲೂ ಬೇಡ.

ನಿದ್ದೆ ಬಗ್ಗೆ ನಾನು ಹೇಳಬೇಕಾಗಿಲ್ಲ, ನನ್ನ ನೋಟ್‌ಬುಕ್ ಹೇಳಿದೆ. ಹಚ್ಚಿದ ಕೂಡಲೇ ಫೋನಲ್ಲಿ ಒಂದು ಅಲಾರಂ ಇಡಿ. ಹಾಸಿಗೆಗೆ ಹೋಗೋ ಮುಂಚೆ ಆರಿಸಿ. ಕೋಣೆ ಬಿಟ್ಟು ಐದು ನಿಮಿಷ ಹೋಗೋದಿದ್ರೂ ಅಷ್ಟೇ.

ಕೈ ಸುಟ್ಟುಕೊಂಡ್ರೆ ಟೂತ್‌ಪೇಸ್ಟ್, ಇಂಕು, ತುಪ್ಪ ಯಾವುದೂ ಬೇಡ, ಐಸ್ ಕೂಡ ಬೇಡ. ಹರಿಯೋ ತಣ್ಣೀರಿಗೆ 20 ನಿಮಿಷ ಹಿಡೀರಿ, ಗಡಿಯಾರ ನೋಡಿ 20. ಉಂಗುರ, ಬಳೆ ಇದ್ರೆ ಊತ ಬರೋ ಮುಂಚೆ ತೆಗೀರಿ. ಚರ್ಮಕ್ಕೆ ಅಂಟಿದ ಮೇಣವನ್ನ ಕಿತ್ತು ತೆಗೀಬೇಡಿ, ಬೊಬ್ಬೆ ಒಡೀಬೇಡಿ. ಮುಖ, ಕಣ್ಣಿನ ಹತ್ತಿರ ಅಥವಾ ಅಂಗೈಗಿಂತ ದೊಡ್ಡ ಗಾಯ ಆಗಿದ್ರೆ ಸೀದಾ ಆಸ್ಪತ್ರೆ.

ಇವತ್ತಿಗೆ ಇಷ್ಟೇ. ನಿಮ್ಮ ಮೇಜಿನ ಮೇಲೆ ಈಗಲೇ ಒಂದು ಉರೀತಾ ಇದ್ರೆ, ಬತ್ತಿ ಎಷ್ಟುದ್ದ ಇದೆ ಅಂತ ಒಂದ್ಸಲ ನೋಡಿ ಬನ್ನಿ.